ಹಣ್ಣುನೊಣದ ಕರುಳು

ಬೆಳ್ತಂಗಡಿಯ ಸೀಮೆಯಲ್ಲಿ ವೈಶಾಖವು ಕಳೆದು ಜ್ಯೇಷ್ಠವು ಕಾಲಿಡುವ ಹೊತ್ತಿಗೆ ಮನೆಮನೆಯ ಅಂಗಳದಲ್ಲಿಯೂ ಹಲಸಿನ ಹಣ್ಣಿನ ಪರಿಮಳ ತುಂಬಿರುತ್ತದೆ. ಚಾರ್ಮಾಡಿ ಘಟ್ಟದ ತಪ್ಪಲಿನಿಂದ ನೇತ್ರಾವತಿಯ ದಂಡೆಯವರೆಗೆ ಹಬ್ಬಿದ ತೋಟಗಳಲ್ಲಿ ತುಳುವ ಹಣ್ಣುಗಳು ತಾವಾಗಿಯೇ ಉದುರಿ ಒಡೆದು ಬೀಳುತ್ತವೆ. ಸೊಳೆ ಬಿಡಿಸಿ ಉಳಿದ ಕಸವನ್ನು ಕೊಟ್ಟಿಗೆಯ ಬದಿಯಲ್ಲಿ ಹಾಕಿದರೆ, ಅರ್ಧ ತಾಸು ಕಳೆಯುವುದರೊಳಗಾಗಿ ಅಲ್ಲಿ ಸಣ್ಣ ಸಣ್ಣ ನೊಣಗಳ ಗುಂಪೊಂದು ಮುತ್ತಿಕೊಳ್ಳುತ್ತದೆ. ಚಾವಡಿಯಲ್ಲಿ ತೂಗುಹಾಕಿದ ಬಾಳೆಗೊನೆಯ ಸುತ್ತಲೂ ಅವೇ ಹಾರಾಡುತ್ತವೆ; ಗೇರುಹಣ್ಣಿನ ರಾಶಿಯ ಮೇಲೆಯೂ ಅವೇ ಕುಳಿತಿರುತ್ತವೆ. ಎಳ್ಳಿನ ಕಾಳಿನಷ್ಟು ಗಾತ್ರ, ಕಂದು ಮೈ, ಕೆಂಪು ಕಣ್ಣು. ಕೈ ಬೀಸಿದರೆ ಚದರುತ್ತವೆ, ಮರುಗಳಿಗೆಯಲ್ಲಿಯೇ ಮರಳಿ ಬಂದು ಕುಳಿತುಕೊಳ್ಳುತ್ತವೆ.

ಈ ಕ್ಷುದ್ರ ಜೀವಿಯೇ ಹಣ್ಣುನೊಣ. ವಿಜ್ಞಾನದಲ್ಲಿ ಇದಕ್ಕೆ ಡ್ರೊಸೋಫಿಲ ಎಂದು ಹೆಸರು. ಮಾವಿನ ಕಾಯನ್ನು ಚುಚ್ಚಿ ಅದರೊಳಗೆ ಮೊಟ್ಟೆಯಿಟ್ಟು ಬೆಳೆಗಾರನಿಗೆ ನಷ್ಟವುಂಟುಮಾಡುವ ದೊಡ್ಡ ನೊಣವನ್ನೂ ಜನರು ಹಣ್ಣುನೊಣವೆಂದೇ ಕರೆಯುತ್ತಾರೆ. ಆದರೆ ಅದು ಬೇರೆಯೇ ಕುಟುಂಬಕ್ಕೆ ಸೇರಿದ ಕೀಟ. ಡ್ರೊಸೋಫಿಲವು ಸಾಮಾನ್ಯವಾಗಿ ಒಳ್ಳೆಯ ಹಣ್ಣನ್ನು ಕೆಡಿಸುವುದಿಲ್ಲ. ಕಳಿತು ಹುಳಿಯತೊಡಗಿದ ಹಣ್ಣನ್ನು ಅರಸಿಕೊಂಡು ಬರುತ್ತದೆ. ಹಣ್ಣಿಗಿಂತಲೂ ಹೆಚ್ಚಾಗಿ, ಆ ಹಣ್ಣನ್ನು ಹುಳಿಯಿಸುವ ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರವೇ ಅದರ ಮುಖ್ಯ ಆಹಾರ. ಕೊಳೆಯುವುದನ್ನು ತಿಂದು ಬದುಕುವ ಜೀವಿಗೆ ಗಟ್ಟಿಯಾದ ಕರುಳು ಬೇಕು. ಮೂರು ಮಿಲಿಮೀಟರು ಉದ್ದದ ಆ ದೇಹದಲ್ಲಿ ಅಂತಹ ಕರುಳು ಹೇಗೆ ಅಡಕವಾಗಿದೆ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದಷ್ಟೂ ಬೆರಗು ಹುಟ್ಟಿಸುವ ವಿಷಯವಾಗಿದೆ.

ಹಣ್ಣುನೊಣದ ಜೀವನವು ನಾಲ್ಕು ಅವಸ್ಥೆಗಳಲ್ಲಿ ಸಾಗುತ್ತದೆ. ಹೆಣ್ಣು ನೊಣವು ಹುಳಿತ ಹಣ್ಣಿನ ಮೇಲೆ ಮೊಟ್ಟೆಯಿಡುತ್ತದೆ. ಒಂದು ದಿನದಲ್ಲಿ ಮೊಟ್ಟೆಯೊಡೆದು ಕಾಲಿಲ್ಲದ ಬಿಳಿಯ ಮರಿಹುಳು ಹೊರಬರುತ್ತದೆ. ಸುಮಾರು ನಾಲ್ಕು ದಿನಗಳ ಕಾಲ ಅದು ಬಿಡುವಿಲ್ಲದೆ ತಿನ್ನುತ್ತದೆ. ಎರಡು ಸಲ ಪೊರೆ ಕಳಚುತ್ತದೆ. ಹುಟ್ಟಿದಾಗ ಇದ್ದ ತೂಕದ ಇನ್ನೂರು ಪಟ್ಟು ಬೆಳೆಯುತ್ತದೆ. ಅನಂತರ ಒಣಜಾಗವನ್ನು ಸೇರಿ ಕೋಶವಾಗುತ್ತದೆ. ಮತ್ತೆ ನಾಲ್ಕೈದು ದಿನಗಳಲ್ಲಿ ಕೋಶವನ್ನು ಸೀಳಿಕೊಂಡು ರೆಕ್ಕೆಯುಳ್ಳ ನೊಣವು ಹೊರಬರುತ್ತದೆ. ಇಪ್ಪತ್ತೈದು ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಯಿಂದ ನೊಣದವರೆಗಿನ ಈ ಪಯಣಕ್ಕೆ ಹತ್ತು ದಿನಗಳು ಸಾಕು. ಮರಿಹುಳುವಿನ ಬದುಕೆಂದರೆ ತಿನ್ನುವುದು ಮತ್ತು ಅರಗಿಸುವುದು. ಅದನ್ನು ಬಾಯುಳ್ಳ, ಮೈಯುಳ್ಳ ಒಂದು ಕರುಳೆಂದರೂ ತಪ್ಪಾಗಲಾರದು.

ನೊಣದ ಜೀರ್ಣನಾಳವು ಬಾಯಿಯಿಂದ ಗುದದವರೆಗೆ ಸಾಗುವ ಒಂದೇ ಕೊಳವೆ. ಅದು ದೇಹಕ್ಕಿಂತಲೂ ಉದ್ದವಾಗಿರುವುದರಿಂದ ಹೊಟ್ಟೆಯೊಳಗೆ ಸುತ್ತುಸುತ್ತಾಗಿ ಮಡಿಸಿಕೊಂಡಿರುತ್ತದೆ. ಈ ನಾಳವನ್ನು ಮುಂಗರುಳು, ನಡುಗರುಳು, ಹಿಂಗರುಳು ಎಂದು ಮೂರು ಭಾಗಗಳಾಗಿ ವಿಂಗಡಿಸುತ್ತಾರೆ. ಈ ವಿಂಗಡಣೆ ಕೇವಲ ಅನುಕೂಲಕ್ಕಾಗಿ ಮಾಡಿದುದಲ್ಲ. ಮುಂಗರುಳು ಮತ್ತು ಹಿಂಗರುಳುಗಳು ಭ್ರೂಣದ ಹೊರಪದರವು ಒಳಕ್ಕೆ ಮಡಿಸಿಕೊಂಡು ಉಂಟಾದವು. ಆದುದರಿಂದಲೇ ಮೈಯ ಹೊರಗಿನ ಗಟ್ಟಿ ಹೊದಿಕೆಯಂತಹ ತೆಳುಪದರವು ಅವುಗಳ ಒಳಮೈಯಲ್ಲಿಯೂ ಇರುತ್ತದೆ. ನಡುಗರುಳು ಭ್ರೂಣದ ಒಳಪದರದಿಂದ ಹುಟ್ಟಿದುದು. ಅಲ್ಲಿ ಆ ಹೊದಿಕೆಯಿಲ್ಲ. ಆಹಾರವನ್ನು ಅರಗಿಸಿ ಹೀರಿಕೊಳ್ಳುವ ಕೆಲಸವೆಲ್ಲ ಬಹುಮಟ್ಟಿಗೆ ಅಲ್ಲಿಯೇ ನಡೆಯುತ್ತದೆ.

ಪ್ರೌಢ ನೊಣಕ್ಕೆ ಕಚ್ಚಿ ಅಗಿಯುವ ಹಲ್ಲುಗಳಿಲ್ಲ. ತಲೆಯ ಕೆಳಗೆ ಮಡಿಸಿಟ್ಟುಕೊಂಡಿರುವ ಸೊಂಡಿಲನ್ನು ಚಾಚಿ, ಅದರ ತುದಿಯಲ್ಲಿರುವ ಮೆತ್ತನೆಯ ತುಟಿಗಳಿಂದ ಅದು ದ್ರವಾಹಾರವನ್ನು ಹೀರುತ್ತದೆ. ಸೊಂಡಿಲಿನ ತುದಿಯಲ್ಲಿ ಮಾತ್ರವಲ್ಲದೆ ಕಾಲುಗಳಲ್ಲಿಯೂ ರುಚಿಯನ್ನರಿಯುವ ಸೂಕ್ಷ್ಮ ರೋಮಗಳಿವೆ. ನೊಣವು ಹಣ್ಣಿನ ಮೇಲೆ ಕಾಲೂರಿದೊಡನೆಯೇ ಅದು ಸಿಹಿಯೋ ಕಹಿಯೋ ಎಂಬುದನ್ನು ತಿಳಿದುಕೊಳ್ಳುತ್ತದೆ. ಸಿಹಿಯಾಗಿದ್ದರೆ ಸೊಂಡಿಲು ತಾನಾಗಿಯೇ ಕೆಳಕ್ಕೆ ಚಾಚಿಕೊಳ್ಳುತ್ತದೆ. ಗಂಟಲಿನ ಸ್ನಾಯುಗಳು ಪಂಪಿನಂತೆ ಹಿಗ್ಗಿ ಕುಗ್ಗಿ ರಸವನ್ನು ಒಳಕ್ಕೆಳೆಯುತ್ತವೆ; ಜೊಲ್ಲುಗ್ರಂಥಿಗಳ ರಸವೂ ಇದರೊಡನೆ ಬೆರೆಯುತ್ತದೆ.

ಅಲ್ಲಿಂದ ಮುಂದಕ್ಕೆ ಆಹಾರವು ಕೂದಲೆಳೆಯಂತಹ ಅನ್ನನಾಳದಲ್ಲಿ ಸಾಗುತ್ತದೆ. ಈ ಅನ್ನನಾಳವು ನೊಣದ ಮಿದುಳಿನ ನಡುವೆಯೇ ಹಾದುಹೋಗುತ್ತದೆ. ಮಿದುಳಿನ ಒಂದು ಭಾಗವು ನಾಳದ ಮೇಲ್ಗಡೆಯೂ ಇನ್ನೊಂದು ಭಾಗವು ಕೆಳಗಡೆಯೂ ಇದ್ದು, ಎರಡೂ ನಾಳವನ್ನು ಬಳಸಿ ಕೂಡಿಕೊಂಡಿವೆ. ನೊಣವು ಕುಡಿದ ಪ್ರತಿಯೊಂದು ಗುಟುಕೂ ಮಿದುಳನ್ನು ದಾಟಿಯೇ ಹೊಟ್ಟೆಯನ್ನು ಸೇರಬೇಕು.

ಅನ್ನನಾಳದಿಂದ ಕವಲೊಡೆದ ಒಂದು ತೆಳ್ಳಗಿನ ನಾಳವು ಅನ್ನಚೀಲಕ್ಕೆ ಹೋಗುತ್ತದೆ. ಸಿಹಿರಸವು ಹೇರಳವಾಗಿ ದೊರೆತಾಗ ನೊಣವು ಅದನ್ನೆಲ್ಲ ಒಮ್ಮೆಗೇ ಅರಗಿಸಲಾರದು. ಹೆಚ್ಚಾದುದನ್ನು ಈ ಚೀಲದಲ್ಲಿ ತುಂಬಿಟ್ಟುಕೊಂಡು, ಬೇಕಾದಾಗ ಸ್ವಲ್ಪ ಸ್ವಲ್ಪವಾಗಿ ನಡುಗರುಳಿಗೆ ಬಿಡುತ್ತದೆ. ಮಳೆಗಾಲಕ್ಕೆಂದು ಹಪ್ಪಳವನ್ನೂ ಉಪ್ಪುಸೊಳೆಯನ್ನೂ ಮಾಡಿಟ್ಟುಕೊಳ್ಳುವ ಕರಾವಳಿಯ ಗೃಹಿಣಿಯ ಮುಂದಾಲೋಚನೆಯನ್ನು ಇದು ನೆನಪಿಗೆ ತರುತ್ತದೆ.

ಮುಂಗರುಳು ಮುಗಿದು ನಡುಗರುಳು ಮೊದಲಾಗುವೆಡೆಯಲ್ಲಿ ಗುಂಡಗಿನ ಒಂದು ಕವಾಟವಿದೆ. ಒಳಕ್ಕೆ ಹೋದ ಆಹಾರವು ಹಿಂದಕ್ಕೆ ಬಾರದಂತೆ ತಡೆಯುವುದು ಅದರ ಒಂದು ಕೆಲಸ. ಅದಕ್ಕಿಂತ ಮುಖ್ಯವಾದ ಕೆಲಸವೆಂದರೆ ರಕ್ಷಾಪೊರೆಯ ನಿರ್ಮಾಣ. ಕೈಟಿನ್ ಮತ್ತು ಪ್ರೋಟೀನುಗಳಿಂದಾದ ಒಂದು ತೆಳುವಾದ ಪೊರೆಯನ್ನು ಈ ಕವಾಟದ ಕೋಶಗಳು ಸತತವಾಗಿ ನೇಯುತ್ತಿರುತ್ತವೆ. ಈ ಪೊರೆಯು ಕೊಳವೆಯೊಳಗಣ ಇನ್ನೊಂದು ಕೊಳವೆಯಂತೆ ಕರುಳಿನುದ್ದಕ್ಕೂ ಚಾಚಿಕೊಳ್ಳುತ್ತದೆ. ಆಹಾರವು ಪೊರೆಯ ಒಳಗಡೆಯೇ ಸಾಗುತ್ತದೆ. ಕರುಳಿನ ಕೋಶಗಳನ್ನು ನೇರವಾಗಿ ಮುಟ್ಟುವುದಿಲ್ಲ. ಕಿಣ್ವಗಳು ಪೊರೆಯ ಸೂಕ್ಷ್ಮ ರಂಧ್ರಗಳ ಮೂಲಕ ಒಳಕ್ಕೆ ಹೋಗುತ್ತವೆ. ಕರಗಿದ ಆಹಾರವು ಹೊರಕ್ಕೆ ಬರುತ್ತದೆ. ಒರಟು ಕಣಗಳೂ ಬ್ಯಾಕ್ಟೀರಿಯಗಳೂ ಒಳಗೇ ಉಳಿಯುತ್ತವೆ. ಮನುಷ್ಯನ ಕರುಳಿನಲ್ಲಿ ಲೋಳೆಯ ಪದರವು ಮಾಡುವ ಕಾವಲನ್ನು ನೊಣದಲ್ಲಿ ಈ ಪೊರೆಯು ಮಾಡುತ್ತದೆ. ಇದರ ರಚನೆಯಲ್ಲಿ ದೋಷವಿರುವ ನೊಣಗಳು ರೋಗಾಣುಗಳಿಗೆ ಬಲುಬೇಗನೆ ತುತ್ತಾಗುವುದನ್ನು ವಿಜ್ಞಾನಿಗಳು ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ.

ನಡುಗರುಳು ಜೀರ್ಣನಾಳದಲ್ಲೆಲ್ಲ ಉದ್ದವಾದ ಭಾಗ. ಅದರ ಗೋಡೆಯಲ್ಲಿ ಒಂದೇ ಸಾಲಿನ ಕೋಶಗಳಿದ್ದು, ಅವುಗಳ ಹೊರಗಡೆ ಸ್ನಾಯುಗಳು ಸುತ್ತುವರಿದಿವೆ. ಉಂಗುರದಂತಹ ಸ್ನಾಯುಗಳು ಒಳಗಡೆಯೂ ಉದ್ದನೆಯ ಸ್ನಾಯುಗಳು ಹೊರಗಡೆಯೂ ಇದ್ದು, ಅವು ಕುಗ್ಗಿ ಹಿಗ್ಗುವುದರಿಂದ ಆಹಾರವು ಮುಂದಕ್ಕೆ ಸರಿಯುತ್ತದೆ. ಗಾಳಿಯನ್ನು ಒಯ್ಯುವ ಸೂಕ್ಷ್ಮ ನಳಿಕೆಗಳು ಕರುಳನ್ನು ಬಲೆಯಂತೆ ಹೆಣೆದುಕೊಂಡಿವೆ. ಕೀಟಗಳಲ್ಲಿ ಆಮ್ಲಜನಕವನ್ನು ರಕ್ತವು ಒಯ್ಯುವುದಿಲ್ಲ. ಈ ನಳಿಕೆಗಳೇ ಅದನ್ನು ನೇರವಾಗಿ ಅಂಗಾಂಗಗಳಿಗೆ ತಲುಪಿಸುತ್ತವೆ.

ನಡುಗರುಳಿನ ಮೊದಲ ಭಾಗದಲ್ಲಿ ಕಿಣ್ವಗಳು ಪಿಷ್ಟ, ಪ್ರೋಟೀನು ಮತ್ತು ಕೊಬ್ಬನ್ನು ಒಡೆಯತೊಡಗುತ್ತವೆ. ಮಧ್ಯಭಾಗದಲ್ಲಿ ವಿಶೇಷವಾದ ಕೋಶಗಳ ಗುಂಪೊಂದಿದೆ. ತಾಮ್ರದ ಅಂಶವುಳ್ಳ ಆಹಾರವನ್ನು ಕೊಟ್ಟಾಗ ಈ ಕೋಶಗಳು ನೇರಳಾತೀತ ಕಿರಣಗಳಲ್ಲಿ ಕಿತ್ತಳೆ ಬಣ್ಣದಿಂದ ಹೊಳೆಯುವುದರಿಂದ ಅವುಗಳಿಗೆ ತಾಮ್ರಕೋಶಗಳೆಂದೇ ಹೆಸರು ಬಂದಿದೆ. ಅವು ಆಮ್ಲವನ್ನು ಸ್ರವಿಸುತ್ತವೆ. ಆಹಾರದೊಂದಿಗೆ ಬಂದ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಇಲ್ಲಿಯೇ ಸಾಯುತ್ತವೆ. ಮನುಷ್ಯನ ಜಠರದಲ್ಲಿ ಆಮ್ಲವು ಮಾಡುವ ಕೆಲಸವೂ ಇದೇ. ನೊಣಕ್ಕೆ ಪ್ರತ್ಯೇಕವಾದ ಜಠರವೆಂಬುದಿಲ್ಲ. ಆದರೆ ಜಠರದ ಕೆಲಸವನ್ನು ಕರುಳಿನ ಒಂದು ತುಣುಕು ವಹಿಸಿಕೊಂಡಿದೆ. ಅಲ್ಲಿಂದ ಮುಂದೆ ಆಮ್ಲೀಯತೆಯು ಇಳಿಯುತ್ತದೆ. ನಡುಗರುಳಿನ ಕೊನೆಯ ಭಾಗದಲ್ಲಿ ಜೀರ್ಣವಾದ ಆಹಾರದ ಹೀರಿಕೆಯು ಮುಂದುವರಿಯುತ್ತದೆ.

ಆಮ್ಲದ ಪರೀಕ್ಷೆಯನ್ನು ದಾಟಿ ಬದುಕುಳಿಯುವ ಬ್ಯಾಕ್ಟೀರಿಯಗಳೂ ಕೆಲವುಂಟು. ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಗಳ ಬಂಧುಗಳೂ, ಕಳ್ಳನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಗಳ ಬಂಧುಗಳೂ ನೊಣದ ಕರುಳಿನಲ್ಲಿ ನೆಲೆಸಿರುತ್ತವೆ. ಇವು ಶತ್ರುಗಳಲ್ಲ. ಆಹಾರದಲ್ಲಿ ಪ್ರೋಟೀನು ಕಡಮೆಯಾದಾಗ ಇಂತಹ ಬ್ಯಾಕ್ಟೀರಿಯಗಳುಳ್ಳ ಮರಿಹುಳುಗಳು, ಅವಿಲ್ಲದ ಮರಿಹುಳುಗಳಿಗಿಂತ ಚೆನ್ನಾಗಿ ಬೆಳೆಯುತ್ತವೆ. ಹಾಗೆಂದು ಕರುಳು ಎಲ್ಲ ಬ್ಯಾಕ್ಟೀರಿಯಗಳಿಗೂ ಬಾಗಿಲು ತೆರೆದಿರುವುದಿಲ್ಲ. ಅಪಾಯಕಾರಿಯಾದವು ಬಂದಾಗ ಅದರ ಕೋಶಗಳು ಅವುಗಳನ್ನು ಗುರುತಿಸಿ ರೋಗಾಣುನಾಶಕ ಪ್ರೋಟೀನುಗಳನ್ನು ಸುರಿಸುತ್ತವೆ. ಕೀಟಗಳ ಈ ರಕ್ಷಣಾವ್ಯವಸ್ಥೆಯನ್ನು ಹಣ್ಣುನೊಣದಲ್ಲಿ ಶೋಧಿಸಿದ ಫ್ರಾನ್ಸಿನ ವಿಜ್ಞಾನಿ ಜೂಲ್ಸ್ ಹಾಫ್‌ಮನ್‌ರಿಗೆ 2011ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅದರಂತಹುದೇ ಅಣುಗಳು ಮನುಷ್ಯನ ದೇಹದಲ್ಲಿಯೂ ಕಾವಲಿರುವುದು ಅನಂತರ ತಿಳಿದುಬಂದಿತು.

ನಡುಗರುಳು ಮುಗಿದು ಹಿಂಗರುಳು ಮೊದಲಾಗುವಲ್ಲಿ ನಾಲ್ಕು ಎಳೆಯಂತಹ ನಳಿಕೆಗಳು ಬಂದು ಸೇರುತ್ತವೆ. ಇವುಗಳಿಗೆ ಮಾಲ್ಪೀಘಿಯನ್ ನಳಿಕೆಗಳೆಂದು ಹೆಸರು. ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪೀಘಿ 1669ರಲ್ಲಿ ರೇಷ್ಮೆಹುಳುವಿನ ಅಂಗರಚನೆಯನ್ನು ವಿವರಿಸಿ ಗ್ರಂಥವೊಂದನ್ನು ಪ್ರಕಟಿಸಿದನು. ಈ ನಳಿಕೆಗಳನ್ನು ಅದರಲ್ಲಿ ಬಣ್ಣಿಸಿದುದರಿಂದ ಅವಕ್ಕೆ ಅವನ ಹೆಸರು ಬಂದಿತು. ಕೀಟಗಳಿಗೆ ಇವೇ ಮೂತ್ರಪಿಂಡಗಳು. ಇವು ದೇಹದ್ರವದಲ್ಲಿ ತೇಲುತ್ತ ಅದರಲ್ಲಿರುವ ಕಲ್ಮಶವನ್ನೂ ಹೆಚ್ಚಿನ ಲವಣವನ್ನೂ ಹೊರತೆಗೆದು ಹಿಂಗರುಳಿಗೆ ಸುರಿಯುತ್ತವೆ. ಹಿಂಗರುಳಿನ ಕೊನೆಯಲ್ಲಿ ನಾಲ್ಕು ಗುಬ್ಬಿಗಳಂತಹ ಅಂಗಗಳಿವೆ. ಮಲದೊಂದಿಗೆ ಹೊರಹೋಗಲಿರುವ ನೀರನ್ನೂ ಲವಣವನ್ನೂ ಅವು ಹಿಂದಕ್ಕೆ ಹೀರಿಕೊಳ್ಳುತ್ತವೆ. ಅಷ್ಟು ಚಿಕ್ಕ ದೇಹಕ್ಕೆ ಒಂದು ಹನಿ ನೀರೆಂದರೆ ಒಂದು ಕೆರೆಯೇ ಸರಿ. ಅದನ್ನು ವೃಥಾ ಕಳೆದುಕೊಂಡರೆ ನೊಣವು ಬದುಕಲಾರದು.

ಮರಿಹುಳುವಿನ ಕರುಳಿಗೂ ನೊಣದ ಕರುಳಿಗೂ ವ್ಯತ್ಯಾಸವಿದೆ. ಮರಿಹುಳುವಿಗೆ ಬಾಯಲ್ಲಿ ಕಪ್ಪು ಕೊಕ್ಕೆಗಳಿವೆ. ಅವುಗಳಿಂದ ಅದು ಮೆತ್ತಗಾದ ಹಣ್ಣನ್ನು ಕೆರೆದು ತಿನ್ನುತ್ತದೆ. ಕೋಶಾವಸ್ಥೆಯಲ್ಲಿ ಅದರ ನಡುಗರುಳಿನ ಹಳೆಯ ಕೋಶಗಳೆಲ್ಲ ಕಳಚಿಬೀಳುತ್ತವೆ. ಮರಿಹುಳುವಿನ ಕರುಳಿನಲ್ಲಿ ಅಲ್ಲಲ್ಲಿ ಅಡಗಿ ಕುಳಿತಿದ್ದ ಚಿಕ್ಕ ಕೋಶಗಳು ಆಗ ಎಚ್ಚತ್ತು ವೃದ್ಧಿಯಾಗಿ ಹೊಸ ಕರುಳನ್ನು ಕಟ್ಟುತ್ತವೆ. ಹಳೆಯ ಕರುಳಿನ ಅವಶೇಷವು ಹೊಸ ಕರುಳಿನ ಒಳಗೆ ಹಳದಿಯ ಮುದ್ದೆಯಾಗಿ ಉಳಿದು, ನೊಣವು ಕೋಶದಿಂದ ಹೊರಬಂದ ಮೇಲೆ ವಿಸರ್ಜನೆಯಾಗುತ್ತದೆ.

ಇಷ್ಟಕ್ಕೇ ಕರುಳಿನ ನವೀಕರಣವು ನಿಲ್ಲುವುದಿಲ್ಲ. ಕರುಳಿನ ಕೋಶಗಳು ದಿನವೂ ಸವೆಯುತ್ತವೆ. ಆಮ್ಲ, ಕಿಣ್ವ, ವಿಷ, ರೋಗಾಣು ಎಲ್ಲವನ್ನೂ ಅವು ಎದುರಿಸಬೇಕು. ಸವೆದುಹೋದುದರ ಸ್ಥಾನದಲ್ಲಿ ಹೊಸ ಕೋಶಗಳು ಬಾರದಿದ್ದರೆ ಗೋಡೆಯು ತೂತಾಗುತ್ತದೆ. ಪ್ರೌಢ ನೊಣದ ನಡುಗರುಳಿನಲ್ಲಿ ಮೂಲಕೋಶಗಳಿರುವುದನ್ನು 2006ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದವು. ಮೂಲಕೋಶವು ಒಡೆದು ಎರಡಾದಾಗ ಒಂದು ಮೂಲಕೋಶವಾಗಿಯೇ ಉಳಿಯುತ್ತದೆ. ಇನ್ನೊಂದು ಆಹಾರ ಹೀರುವ ಕೋಶವಾಗಿಯೋ ಹಾರ್ಮೋನು ಸ್ರವಿಸುವ ಕೋಶವಾಗಿಯೋ ಮಾರ್ಪಡುತ್ತದೆ. ಕರುಳಿಗೆ ಗಾಯವಾದಾಗ ಸಾಯುತ್ತಿರುವ ಕೋಶಗಳು ಸಂಕೇತಗಳನ್ನು ಕಳುಹಿಸುತ್ತವೆ. ಮೂಲಕೋಶಗಳು ಬೇಗಬೇಗನೆ ಒಡೆದು ಬಿರುಕನ್ನು ಮುಚ್ಚುತ್ತವೆ.

ಈ ದುರಸ್ತಿಯು ಹಿಡಿತದಲ್ಲಿರಬೇಕು. ಕಡಮೆಯಾದರೆ ಕರುಳು ಸೋರುತ್ತದೆ. ಮಿತಿಮೀರಿದರೆ ಗಡ್ಡೆ ಬೆಳೆಯುತ್ತದೆ. ಮನುಷ್ಯನ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಬಹಳ ಸಲ ಕೆಟ್ಟಿರುವ ಎಪಿಸಿ ಎಂಬ ಜೀನಿಗೆ ಸಮಾನವಾದ ಜೀನುಗಳು ನೊಣದಲ್ಲಿಯೂ ಇವೆ. ಅವನ್ನು ತೆಗೆದುಹಾಕಿದಾಗ ನೊಣದ ಕರುಳಿನ ಮೂಲಕೋಶಗಳು ಹತೋಟಿಯಿಲ್ಲದೆ ವೃದ್ಧಿಯಾಗುತ್ತವೆ. ವಯಸ್ಸಾದ ನೊಣಗಳಲ್ಲಿ ಕರುಳಿನ ಗೋಡೆ ದುರ್ಬಲವಾಗುವುದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಸರಳ ಪರೀಕ್ಷೆಯೊಂದಿದೆ. ಆಹಾರಕ್ಕೆ ನೀಲಿ ಬಣ್ಣವನ್ನು ಬೆರೆಸಿ ಕೊಡುತ್ತಾರೆ. ಕರುಳು ಗಟ್ಟಿಯಾಗಿದ್ದರೆ ಹೊಟ್ಟೆಯ ಭಾಗದಲ್ಲಿ ಮಾತ್ರ ನೀಲಿಯ ಗೆರೆ ಕಾಣುತ್ತದೆ. ಕರುಳು ಸೋರಿದರೆ ಬಣ್ಣವು ಮೈಯೆಲ್ಲ ಹರಡಿ ನೊಣವೇ ನೀಲಿಯಾಗುತ್ತದೆ. ಹಾಗೆ ನೀಲಿಯಾದ ನೊಣಗಳು ಹೆಚ್ಚು ದಿನ ಬದುಕುವುದಿಲ್ಲ.

ಇಷ್ಟು ಚಿಕ್ಕ ಜೀವಿಯ ಕರುಳನ್ನು ಇಷ್ಟು ಶ್ರಮಪಟ್ಟು ಅಭ್ಯಸಿಸುವುದೇಕೆ ಎಂಬ ಪ್ರಶ್ನೆ ಏಳಬಹುದು. ಅಮೆರಿಕದ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಬಿಳಿಯ ಕಣ್ಣಿನ ಒಂದು ಹಣ್ಣುನೊಣವನ್ನು ಕಂಡುದು ಅನುವಂಶಿಕತೆಯ ಅಧ್ಯಯನಕ್ಕೆ ಹೊಸ ದಾರಿ ತೆರೆಯಿತು. 1933ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಂದಿನಿಂದ ಇಂದಿನವರೆಗೆ ಈ ನೊಣವು ಪ್ರಯೋಗಶಾಲೆಯ ನೆಚ್ಚಿನ ಪ್ರಾಣಿ. ಸಾಕಲು ಸುಲಭ, ಸಂತತಿ ಬೇಗ, ವೆಚ್ಚ ಅಲ್ಪ. 2000ದಲ್ಲಿ ಅದರ ಜೀನುಗಳ ಪೂರ್ಣಲಿಪಿಯನ್ನು ಓದಿದಾಗ, ಮನುಷ್ಯನ ರೋಗಗಳಿಗೆ ಸಂಬಂಧಿಸಿದ ಜೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಸಮಾನವಾದವು ನೊಣದಲ್ಲಿಯೂ ಇರುವುದು ಸ್ಪಷ್ಟವಾಯಿತು.

ಕರ್ನಾಟಕಕ್ಕೆ ಈ ನೊಣವು ಅಪರಿಚಿತವೇನಲ್ಲ. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣುನೊಣಗಳ ಸಂಶೋಧನೆಯು ದಶಕಗಳಿಂದ ನಡೆದುಬಂದಿದೆ. ಅಲ್ಲಿನ ವಿಜ್ಞಾನಿಗಳು ಪಶ್ಚಿಮಘಟ್ಟದ ಕಾಡುಗಳಲ್ಲಿ ನೊಣಗಳನ್ನು ಸಂಗ್ರಹಿಸಿದರು. ಒಂದು ಪ್ರಭೇದಕ್ಕೆ ಮೈಸೂರಿನ ನೆನಪಿಗಾಗಿ ಡ್ರೊಸೋಫಿಲ ಮೈಸೂರೆನ್ಸಿಸ್ ಎಂದೇ ಹೆಸರಿಡಲಾಗಿದೆ. ಸಂಗ್ರಹಿಸಿದ ತಳಿಗಳನ್ನು ಕಾಪಾಡಿ ಇತರ ವಿದ್ಯಾಸಂಸ್ಥೆಗಳಿಗೆ ಒದಗಿಸುವ ಡ್ರೊಸೋಫಿಲ ಸಂಗ್ರಹ ಕೇಂದ್ರವೂ ಅಲ್ಲಿ ಬೆಳೆಯಿತು. ನೊಣಗಳಿಗೆಂದು ಅಲ್ಲಿ ತಯಾರಿಸುವ ಆಹಾರದಲ್ಲಿ ಗೋಧಿಯ ರವೆ, ಬೆಲ್ಲ ಮತ್ತು ಅಗರ್ ಇರುತ್ತವೆ. ಬೂಷ್ಟು ಹಿಡಿಯದಂತೆ ಒಂದಿಷ್ಟು ಪ್ರೊಪಿಯೋನಿಕ್ ಆಮ್ಲವನ್ನು ಸೇರಿಸುತ್ತಾರೆ. ಪಾತ್ರೆಯಲ್ಲಿ ಕುದಿಯುವಾಗ ಅದು ಮನೆಯ ಸಜ್ಜಿಗೆಯನ್ನೇ ಹೋಲುತ್ತದೆ.

ಮೈಸೂರಿನ ಸಂಶೋಧಕರಿಗೆ ಬಹಳವಾಗಿ ನೆರವಾದುದು ಮರಿಹುಳುವಿನ ಜೊಲ್ಲುಗ್ರಂಥಿ. ಈ ಗ್ರಂಥಿಯ ಕೋಶಗಳಲ್ಲಿ ವರ್ಣತಂತುಗಳು ಒಡೆಯದೆಯೇ ಸಾವಿರ ಪಟ್ಟು ಹೆಚ್ಚಿ ಒಂದರ ಪಕ್ಕದಲ್ಲಿ ಒಂದು ಅಂಟಿಕೊಂಡಿರುತ್ತವೆ. ಆದುದರಿಂದ ಅವು ಅಡ್ಡಪಟ್ಟಿಗಳುಳ್ಳ ದಪ್ಪನೆಯ ಹಗ್ಗಗಳಂತೆ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೂ ಕಾಣುತ್ತವೆ. ಒಂದು ಪ್ರಭೇದಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ಈ ಪಟ್ಟಿಗಳ ವಿನ್ಯಾಸದಿಂದ ತಿಳಿಯಬಹುದು. ಇದೇ ಜೊಲ್ಲುಗ್ರಂಥಿಯು ಮರಿಹುಳುವಿನ ಕೊನೆಯ ಹಂತದಲ್ಲಿ ಅಂಟನ್ನು ಸ್ರವಿಸುತ್ತದೆ. ಕೋಶವು ಗೋಡೆಗೆ ಅಂಟಿ ಕೂರುವುದು ಆ ಅಂಟಿನಿಂದಲೇ. ನೊಣವು ವಾಸನೆ ಮತ್ತು ರುಚಿಗಳನ್ನು ಅರಿಯುವ ಬಗೆಯನ್ನು ಒಬೈದ್ ಸಿದ್ದೀಕಿ ಮತ್ತು ವೆರೋನಿಕಾ ರಾಡ್ರಿಗಸ್ ಅವರು ಮೊದಲು ಮುಂಬಯಿಯಲ್ಲಿಯೂ ಅನಂತರ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಅಭ್ಯಸಿಸಿದರು.

ನೊಣದ ಮಾಲ್ಪೀಘಿಯನ್ ನಳಿಕೆಗಳೂ ಕರ್ನಾಟಕದಲ್ಲಿ ಸಂಶೋಧನೆಗೆ ವಸ್ತುವಾಗಿವೆ. ಗಗನಯಾತ್ರಿಗಳ ಎಲುಬುಗಳಿಂದ ಸುಣ್ಣದ ಅಂಶವು ಕರಗುವುದರಿಂದ ಅವರಿಗೆ ಮೂತ್ರಪಿಂಡದಲ್ಲಿ ಕಲ್ಲಾಗುವ ಭಯವಿರುತ್ತದೆ. ಆಕ್ಸಲೇಟ್ ಬೆರೆಸಿದ ಆಹಾರವನ್ನು ಕೊಟ್ಟರೆ ಹಣ್ಣುನೊಣದ ನಳಿಕೆಗಳಲ್ಲಿಯೂ ಅಂತಹುದೇ ಹರಳುಗಳು ಉಂಟಾಗುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ತಿರುವನಂತಪುರದ ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಸಹಕಾರದೊಡನೆ, ಭಾರತದ ಗಗನಯಾನ ಯೋಜನೆಗಾಗಿ ಹಣ್ಣುನೊಣಗಳನ್ನು ಒಯ್ಯುವ ಪೆಟ್ಟಿಗೆಯೊಂದನ್ನು ರೂಪಿಸಿದ ವಾರ್ತೆಯು 2024ರಲ್ಲಿ ಪ್ರಕಟವಾಯಿತು. ತಿಪ್ಪೆಯ ಬದಿಯ ನೊಣವು ಅಂತರಿಕ್ಷದ ಪ್ರಯೋಗಕ್ಕೆ ಆಯ್ಕೆಯಾಯಿತು.

ಬೆಳ್ತಂಗಡಿಯ ಜನರಿಗೆ ಈ ನೊಣದ ಪಾಠವು ಇನ್ನೂ ಹತ್ತಿರದ್ದು. ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಮೊದಲಾದ ಗ್ರಾಮಗಳ ಸುತ್ತಣ ಗೇರುತೋಟಗಳ ಮೇಲೆ 1980ರ ದಶಕದಿಂದ ಸುಮಾರು 2000ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರುಗಳಿಂದ ಸಿಂಪಡಿಸಲಾಗುತ್ತಿತ್ತು. ಗೇರಿನ ಚಿಗುರನ್ನು ಹೀರುವ ತಿಗಣೆಜಾತಿಯ ಕೀಟವನ್ನು ಕೊಲ್ಲುವುದು ಅದರ ಉದ್ದೇಶವಾಗಿತ್ತು. ಆದರೆ ಆಕಾಶದಿಂದ ಸುರಿದ ವಿಷಕ್ಕೆ ತೋಟದ ಬೇಲಿ ಕಾಣುವುದಿಲ್ಲ. ಅದು ಬಾವಿ ಕೆರೆಗಳ ಮೇಲೆಯೂ, ಅಂಗಳದಲ್ಲಿ ಒಣಗಲಿಟ್ಟ ಧಾನ್ಯದ ಮೇಲೆಯೂ, ದನಗಳು ಮೇಯುವ ಹುಲ್ಲಿನ ಮೇಲೆಯೂ ಬಿದ್ದಿತು. ನೆರೆಯ ಕಾಸರಗೋಡಿನ ಹಳ್ಳಿಗಳಲ್ಲಿಯೂ ಇದೇ ಕಥೆ ನಡೆಯಿತು. ಹುಟ್ಟಿನಿಂದಲೇ ಅಂಗವೈಕಲ್ಯವುಳ್ಳ ಮಕ್ಕಳು, ನರಗಳ ಬೇನೆಯಿಂದ ಹಾಸಿಗೆ ಹಿಡಿದವರು, ಮಗುವಿನ ಆರೈಕೆಯಲ್ಲಿಯೇ ಆಯುಷ್ಯವನ್ನು ಸವೆಸಿದ ತಾಯಂದಿರು ಹಲವು ಮನೆಗಳಲ್ಲಿ ಕಂಡುಬಂದರು. ಜನರು ದೀರ್ಘಕಾಲ ಹೋರಾಡಿದರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ಸರ್ಕಾರವು ಸಂತ್ರಸ್ತರನ್ನು ಗುರುತಿಸಿ ಮಾಸಾಶನವನ್ನು ನೀಡಿತು.

ಈ ವಿಷವು ದೇಹದಲ್ಲಿ ಏನು ಮಾಡುತ್ತದೆಂಬುದನ್ನು ಅರಿಯಲು ಹಣ್ಣುನೊಣವು ದಾರಿ ತೋರಿಸಿತು. ಡೀಲ್ಡ್ರಿನ್ ಎಂಬ ಕೀಟನಾಶಕಕ್ಕೆ ಜಗ್ಗದ ಕೆಲವು ಹಣ್ಣುನೊಣಗಳನ್ನು ಪರೀಕ್ಷಿಸುತ್ತ ವಿಜ್ಞಾನಿಗಳು 1990ರ ದಶಕದಲ್ಲಿ ಒಂದು ಜೀನನ್ನು ಗುರುತಿಸಿದರು. ನರಕೋಶಗಳ ಉದ್ರೇಕವನ್ನು ಶಮನಗೊಳಿಸುವ ಒಂದು ದ್ವಾರವನ್ನು ರಚಿಸುವುದು ಆ ಜೀನಿನ ಕೆಲಸ. ಡೀಲ್ಡ್ರಿನ್ನಿನ ಬಂಧುವಾದ ಎಂಡೋಸಲ್ಫಾನ್ ಕೂಡ ಈ ದ್ವಾರವನ್ನೇ ಮುಚ್ಚುತ್ತದೆ; ಆಗ ನರಗಳು ಹಿಡಿತತಪ್ಪಿ ಉದ್ರೇಕಗೊಳ್ಳುತ್ತವೆ. ಅಂತಹುದೇ ದ್ವಾರಗಳು ಮನುಷ್ಯನ ಮಿದುಳಿನಲ್ಲಿಯೂ ಇವೆ. ಲಖನೌದಲ್ಲಿರುವ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಂಡೋಸಲ್ಫಾನ್ ಮೊದಲಾದ ಕೀಟನಾಶಕಗಳನ್ನು ಹಣ್ಣುನೊಣದ ಮರಿಹುಳುಗಳಿಗೆ ಆಹಾರದಲ್ಲಿ ಬೆರೆಸಿ ಕೊಟ್ಟು ಪರಿಣಾಮವನ್ನು ಪರಿಶೀಲಿಸಿದ್ದಾರೆ. ವಿಷದ ಬಾಧೆ ತಗಲಿದ ಕೋಶಗಳು ತಮ್ಮನ್ನು ಕಾಪಾಡಿಕೊಳ್ಳಲು ಕೆಲವು ವಿಶೇಷ ಪ್ರೋಟೀನುಗಳನ್ನು ತಯಾರಿಸುತ್ತವೆ. ಅವುಗಳ ಪ್ರಮಾಣವನ್ನು ನೋಡಿ ಕೋಶಕ್ಕೆ ಎಷ್ಟು ಪೆಟ್ಟು ಬಿದ್ದಿದೆಯೆಂಬುದನ್ನು ಅಳೆಯಬಹುದು. ಆಹಾರದೊಡನೆ ಬಂದ ವಿಷವನ್ನು ಮೊದಲು ಎದುರಿಸುವುದು ಕರುಳು.

ಕರುಳಿಗೆ ಇಷ್ಟೆಲ್ಲ ಕಾವಲುಗಳಿವೆ: ರುಚಿಯನ್ನರಿಯುವ ರೋಮ, ಆಮ್ಲ, ರಕ್ಷಾಪೊರೆ, ರೋಗಾಣುನಾಶಕ ಪ್ರೋಟೀನು, ಮೂಲಕೋಶ. ಇವೆಲ್ಲವೂ ಕೋಟ್ಯಂತರ ವರ್ಷಗಳ ಅವಧಿಯಲ್ಲಿ, ಕೊಳೆತ ಹಣ್ಣಿನಲ್ಲಿ ಸಹಜವಾಗಿರುವ ಅಪಾಯಗಳನ್ನು ಎದುರಿಸುತ್ತ ರೂಪುಗೊಂಡವು. ಕೊಬ್ಬಿನಲ್ಲಿ ಕರಗಿ ಕೋಶದಿಂದ ಕೋಶಕ್ಕೆ ಸದ್ದಿಲ್ಲದೆ ಸರಿಯುವ ಹೊಸ ವಿಷವನ್ನು ಪೊರೆಯು ತಡೆಯಲಾರದು, ಆಮ್ಲವು ಕೊಲ್ಲಲಾರದು. ನೊಣದ ಕರುಳಿಗೆ ಸಾಧ್ಯವಾಗದುದು ಮನುಷ್ಯನ ಕರುಳಿಗೂ ಸಾಧ್ಯವಿಲ್ಲ. ಅಂತಹ ವಿಷವನ್ನು ತಡೆಯಬೇಕಾದ ಸ್ಥಳ ಕರುಳಲ್ಲ. ಅದನ್ನು ಸಿಂಪಡಿಸುವ ಮುನ್ನ ಯೋಚಿಸುವ ಬುದ್ಧಿ.

ಬೆಳ್ತಂಗಡಿಯ ಅಂಗಳಗಳಲ್ಲಿ ಪ್ರತಿವರ್ಷವೂ ಹಲಸು ಹಣ್ಣಾಗುತ್ತದೆ; ಪ್ರತಿವರ್ಷವೂ ಆ ಪುಟ್ಟ ನೊಣಗಳು ಬರುತ್ತವೆ. ಅವುಗಳನ್ನು ಕೈಬೀಸಿ ಓಡಿಸುವುದು ವಾಡಿಕೆ. ಓಡಿಸುವ ಮೊದಲು ಒಂದು ಕ್ಷಣ ದಿಟ್ಟಿಸಿ ನೋಡಿದರೆ, ಹಣ್ಣಿನ ಮೇಲೆ ಸೊಂಡಿಲೂರಿದ ಆ ಜೀವಿಯ ಹೊಟ್ಟೆಯೊಳಗೆ ಮನುಷ್ಯನ ದೇಹದ ಕಥೆಯೂ ಅಡಗಿರುವುದು ಮನಸ್ಸಿಗೆ ಬರುತ್ತದೆ.

ಪದಗಳ ಅರ್ಥ

ಕ್ಷುದ್ರ – ಅತಿ ಚಿಕ್ಕ, ಅಲ್ಪವಾದ
ಶಿಲೀಂಧ್ರ – ಬೂಷ್ಟು, ಅಣಬೆ ಮೊದಲಾದವುಗಳ ವರ್ಗ
ಕಿಣ್ವ – ಜೀವಿಗಳ ದೇಹದಲ್ಲಿ ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸುವ ವಸ್ತು
ಕವಾಟ – ಬಾಗಿಲು, ಒಂದೇ ದಿಕ್ಕಿಗೆ ತೆರೆಯುವ ತಡೆ
ಅನುವಂಶಿಕತೆ – ತಂದೆತಾಯಿಗಳ ಗುಣಗಳು ಸಂತತಿಗೆ ಬರುವಿಕೆ
ವರ್ಣತಂತು – ಜೀವಕೋಶದ ಕೇಂದ್ರದಲ್ಲಿರುವ, ಜೀನುಗಳನ್ನು ಹೊತ್ತ ಎಳೆ
ಸಂತ್ರಸ್ತ – ಕಷ್ಟಕ್ಕೆ ಒಳಗಾದ, ನೊಂದ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಹಣ್ಣುನೊಣದ ಮುಖ್ಯ ಆಹಾರ ಯಾವುದು?
2. ತಾಮ್ರಕೋಶಗಳಿಗೆ ಆ ಹೆಸರು ಬರಲು ಕಾರಣವೇನು?
3. ಕೀಟಗಳ ದೇಹದಲ್ಲಿ ಮೂತ್ರಪಿಂಡಗಳ ಕೆಲಸವನ್ನು ಮಾಡುವ ಅಂಗಗಳಾವುವು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ನಡುಗರುಳಿನಲ್ಲಿ ರಕ್ಷಾಪೊರೆಯು ಹೇಗೆ ಕೆಲಸ ಮಾಡುತ್ತದೆ?
2. ಕರುಳಿನ ಮೂಲಕೋಶಗಳ ಕಾರ್ಯವು ಹಿಡಿತದಲ್ಲಿರಬೇಕು ಏಕೆ?
3. ಮೈಸೂರಿನ ಸಂಶೋಧಕರಿಗೆ ಮರಿಹುಳುವಿನ ಜೊಲ್ಲುಗ್ರಂಥಿಯು ಹೇಗೆ ನೆರವಾಯಿತು?

ಇ. ಸಂದರ್ಭದೊಡನೆ ವಿವರಿಸಿ.
1. “ಆಕಾಶದಿಂದ ಸುರಿದ ವಿಷಕ್ಕೆ ತೋಟದ ಬೇಲಿ ಕಾಣುವುದಿಲ್ಲ.”
2. “ಅಷ್ಟು ಚಿಕ್ಕ ದೇಹಕ್ಕೆ ಒಂದು ಹನಿ ನೀರೆಂದರೆ ಒಂದು ಕೆರೆಯೇ ಸರಿ.”

ಈ. ಮಾಡಿ ನೋಡಿ.
ಕಳಿತ ಬಾಳೆಹಣ್ಣಿನ ತುಂಡೊಂದನ್ನು ಬಾಯಗಲದ ಸೀಸೆಯಲ್ಲಿ ಎರಡು ದಿನ ತೆರೆದಿಡಿ. ನೊಣಗಳು ಬಂದ ಮೇಲೆ ಸೀಸೆಯ ಬಾಯಿಗೆ ತೆಳುಬಟ್ಟೆಯನ್ನು ಕಟ್ಟಿ, ಹತ್ತು ಹನ್ನೆರಡು ದಿನಗಳ ಕಾಲ ಪ್ರತಿದಿನವೂ ಗಮನಿಸಿ, ಕಂಡ ಬದಲಾವಣೆಗಳನ್ನು ಬರೆದಿಡಿ.